ಕೆಂಚನ ಶುಗರ್, ನನ್ನ ಅವಸರ

ಕೆಂಚನ ಕಾಯಿಲೆಯನ್ನು ಮೊದಲು ಪತ್ತೆ ಹಚ್ಚಿದ್ದು ನಮ್ಮ ಹಿತ್ತಲಿನ ಇರುವೆಗಳು. ಸೆಮಿಸ್ಟರ್ ಪರೀಕ್ಷೆ ಮುಗಿಸಿ ಮೈಸೂರಿನ ಹಾಸ್ಟೆಲ್‌ನಿಂದ ಅಂತರಸಂತೆಗೆ ಹೋಗಿದ್ದೆ. ಬೆಳಿಗ್ಗೆ ಹಿತ್ತಲಿಗೆ ಹೋದರೆ, ಮರಳು ಗುಡ್ಡೆಯಲ್ಲಿ ಕೆಂಚ ದಿನಾ ಮೂತ್ರ ಮಾಡುವ ಜಾಗದಲ್ಲಿ ಇರುವೆಗಳ ಜಾತ್ರೆ! ಅಜ್ಜಿ ಬಗ್ಗಿ ನೋಡಿ, ‘ಇದು ನನ್ನ ಕಾಯ್ಲೆ ಕಣವ್ವ’ ಅಂದಳು. ಅಜ್ಜಿಗೆ ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. ನಾನು ನಕ್ಕೆ. ಬೆಕ್ಕಿಗೆ ಎಲ್ಲಾದರೂ ಶುಗರ್ ಬರುತ್ತದಾ?

ಕೆಂಚ ನಮ್ಮ ಮನೆಯ ಕೆಂಪು ಗಂಡು ಬೆಕ್ಕು. ವಯಸ್ಸು ಒಂಬತ್ತು. ಚಿಕ್ಕವನಿದ್ದಾಗ ಊರಿನ ಬೆಕ್ಕುಗಳ ಜೊತೆಗೆಲ್ಲ ಕಾದಾಡಿ ಕಿವಿ ಹರಿದುಕೊಂಡು ಬರುತ್ತಿದ್ದ. ಸಂತಾನಹರಣ ಚಿಕಿತ್ಸೆ ಮಾಡಿಸಿದ ಮೇಲೆ ಜಗಳ ನಿಂತಿತು, ಓಡಾಟವೂ ನಿಂತಿತು. ಮೂರು ಹೊತ್ತು ಹಾಲನ್ನ ತಿಂದು ಜಗುಲಿಯ ಮೇಲೆ ಮಲಗುವುದೇ ಕೆಲಸ. ಆರು ಕೆ.ಜಿ. ದಾಟಿದ್ದ. ಈ ಸಲ ನೋಡಿದರೆ ಬೆನ್ನುಮೂಳೆ ಎಣಿಸಬಹುದು. ತಿನ್ನುವುದು ಕಡಿಮೆಯಾಗಿರಲಿಲ್ಲ, ಬದಲಿಗೆ ಹೆಚ್ಚಾಗಿತ್ತು. ಬಚ್ಚಲ ಬಕೆಟ್ಟಿಗೆ ತಲೆ ಹಾಕಿ ನೀರು ಕುಡಿಯುತ್ತಿದ್ದ. ಬೆರಳ ಮೇಲೆ ನಡೆಯಬೇಕಾದವನು ಹಿಂಗಾಲನ್ನು ಪೂರ್ತಿ ನೆಲಕ್ಕೂರಿ ನಡೆಯುತ್ತಿದ್ದ.

ಊರಿನ ಪಶುವೈದ್ಯರು ನೋಡಿ, ರಕ್ತ ಪರೀಕ್ಷೆ ಆಗಲೇಬೇಕು, ಮೈಸೂರಿಗೆ ಕರೆದುಕೊಂಡು ಹೋಗಿ ಎಂದರು. ಒಂದು ಟೊಮೆಟೊ ಕ್ರೇಟ್‌ನಲ್ಲಿ ಕೆಂಚನನ್ನು ಕೂರಿಸಿ, ಮೇಲೆ ಇನ್ನೊಂದು ಕ್ರೇಟ್ ಬೋರಲು ಹಾಕಿ ಕಟ್ಟಿ ಬಸ್ಸು ಹತ್ತಿದೆವು. ಎಚ್.ಡಿ. ಕೋಟೆ ದಾಟುವವರೆಗೂ ಅವನು ಕೂಗಿದ, ಇಡೀ ಬಸ್ಸು ನಮ್ಮನ್ನೇ ನೋಡಿತು.

ಕ್ಲಿನಿಕ್‌ನಲ್ಲಿ ಗ್ಲುಕೋಮೀಟರ್ ತೋರಿಸಿದ್ದು 412. ಬೆಕ್ಕಿಗೆ ಸುಮಾರು 70ರಿಂದ 150 ಇದ್ದರೆ ಸರಿ. ಆದರೆ ಡಾಕ್ಟರ್ ತಕ್ಷಣ ಕಾಯಿಲೆ ಎಂದು ಹೇಳಲಿಲ್ಲ. ಹೆದರಿದ ಬೆಕ್ಕಿನ ಶುಗರ್ ಹೆದರಿಕೆಗೇ ಏರಿಬಿಡುತ್ತದಂತೆ. ಹಾಗಾಗಿ ಮೂತ್ರ ಪರೀಕ್ಷೆ ಮಾಡಿದರು. ಜೊತೆಗೆ ಹಿಂದಿನ ಒಂದೆರಡು ವಾರಗಳ ಸರಾಸರಿ ಹೇಳುವ ಫ್ರಕ್ಟೋಸಮೈನ್ ಎಂಬ ಪರೀಕ್ಷೆಗೂ ರಕ್ತ ಕಳಿಸಿದರು. ಎರಡೂ ಅಜ್ಜಿಯ ಮಾತನ್ನೇ ಹೇಳಿದವು. ಬೆಕ್ಕುಗಳಿಗೆ ಬರುವುದು ಹೆಚ್ಚಾಗಿ ನಮ್ಮ ಟೈಪ್ 2 ಮಧುಮೇಹದಂಥದ್ದೇ. ವಯಸ್ಸಾದ, ದಪ್ಪಗಿರುವ, ಸಂತಾನಹರಣ ಆದ ಗಂಡು ಬೆಕ್ಕುಗಳಿಗೆ ಅಪಾಯ ಜಾಸ್ತಿ. ಕೆಂಚ ಎಲ್ಲದರಲ್ಲೂ ಪಾಸು.

ಔಷಧ ಇನ್ಸುಲಿನ್. ಅದೂ ಮನುಷ್ಯರ ಮೆಡಿಕಲ್ ಶಾಪಿನಲ್ಲಿ ಸಿಗುವ ಗ್ಲಾರ್ಜಿನ್. ಆಶ್ಚರ್ಯವಾಗಿ ಆ ರಾತ್ರಿ ಓದುತ್ತಾ ಕೂತೆ. 1921ರಲ್ಲಿ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ ಪ್ರಯೋಗ ಮಾಡಿದ್ದು ನಾಯಿಗಳ ಮೇಲೆ. 1922ರಲ್ಲಿ ಅದರಿಂದ ಮೊದಲು ಚೇತರಿಸಿಕೊಂಡವನು ಹದಿನಾಲ್ಕು ವರ್ಷದ ಹುಡುಗ. ಆಮೇಲೆ ದಶಕಗಳ ಕಾಲ ಮನುಷ್ಯರಿಗೆ ಇನ್ಸುಲಿನ್ ಬಂದದ್ದು ದನ ಮತ್ತು ಹಂದಿಗಳ ಮೇದೋಜೀರಕ ಗ್ರಂಥಿಯಿಂದ. ಈಗ ಅದನ್ನು ಸೂಕ್ಷ್ಮಜೀವಿಗಳಿಂದ ತಯಾರಿಸುತ್ತಾರೆ. ನಮ್ಮ ಬೆಂಗಳೂರಿನ ಬಯೋಕಾನ್ 2004ರಲ್ಲೇ ಯೀಸ್ಟ್‌ನಿಂದ ಮಾಡಿದ ಮಾನವ ಇನ್ಸುಲಿನ್ ಮಾರುಕಟ್ಟೆಗೆ ತಂದಿತ್ತು. ಪ್ರಾಣಿಗಳಿಂದ ನಾವು ಪಡೆದ ಸಾಲ, ಸ್ವಲ್ಪವಾದರೂ ಕೆಂಚನ ಮೂಲಕ ತೀರುತ್ತಿದೆ ಅನ್ನಿಸಿತು.

ಬೆಳಿಗ್ಗೆ ಏಳಕ್ಕೆ ಒಂದು ಯೂನಿಟ್, ಸಂಜೆ ಏಳಕ್ಕೆ ಒಂದು ಯೂನಿಟ್. ಊಟ ಮಾಡಿದ ಮೇಲೆ ಹೆಗಲ ಹತ್ತಿರದ ಸಡಿಲ ಚರ್ಮ ಎತ್ತಿ ಚುಚ್ಚಬೇಕು. ನನ್ನ ಕೈ ನಡುಗಿತು. ಅವ್ವನೂ ಹಿಂದೆ ಸರಿದಳು. ಕೊನೆಗೆ ಕಲಿತದ್ದು ಅಜ್ಜಿ. ಕಿವಿಯ ಅಂಚಿಗೆ ಬಿಸಿ ಬಟ್ಟೆ ಒತ್ತಿ, ಸಣ್ಣಗೆ ಚುಚ್ಚಿ ರಕ್ತದ ಹನಿ ತೆಗೆಯುವುದನ್ನೂ ಅವಳೇ ಕಲಿತಳು. ನನ್ನ ಹಳೆಯ ನೋಟ್‌ಬುಕ್ಕಿನ ಖಾಲಿ ಹಾಳೆಗಳಲ್ಲಿ ಗೆರೆ ಎಳೆದು ಕೊಟ್ಟು ನಾನು ಕಾಲೇಜಿಗೆ ಮರಳಿದೆ. ಚುಚ್ಚುವ ಮೊದಲು ನೋಡಿದ ಶುಗರ್ ಎಷ್ಟೆಂದು ಅವ್ವ ದಿನಾ ಎರಡು ಸಲ ವಾಟ್ಸ್ಆ್ಯಪ್ ಮಾಡಬೇಕು ಎಂದು ಒಪ್ಪಂದವಾಯಿತು.

ಇಲ್ಲಿಂದ ಮುಂದಿನದು ನನ್ನ ತಪ್ಪಿನ ಕಥೆ.

ಬಂದ ಅಂಕಿಗಳು 360, 338, 375. ಒಂದು ವಾರವೂ ಆಗಿರಲಿಲ್ಲ, ನನಗೆ ತಾಳ್ಮೆ ತಪ್ಪಿತು. ಆ ಸೆಮಿಸ್ಟರ್‌ನಲ್ಲೇ ಕಂಟ್ರೋಲ್ ಸಿಸ್ಟಮ್ಸ್ ಓದುತ್ತಿದ್ದೆ, ಇಂಟರ್ನಲ್ಸ್‌ನಲ್ಲಿ ಒಳ್ಳೆಯ ಅಂಕವೂ ಬಂದಿತ್ತು. ಔಟ್‌ಪುಟ್ ಬೇಕಾದ ಮಟ್ಟಕ್ಕೆ ಬರದಿದ್ದರೆ ಇನ್‌ಪುಟ್ ಹೆಚ್ಚಿಸು, ಅಷ್ಟೇ ತಾನೆ? ಡಾಕ್ಟರನ್ನು ಕೇಳದೆ ಫೋನಿನಲ್ಲೇ ಒಂದೂವರೆ ಯೂನಿಟ್ ಮಾಡಿಸಿದೆ. ಮೂರು ದಿನಕ್ಕೆ ಎರಡು. ‘ಡಾಕ್ಟ್ರು ಒಂದೇ ಅಂದಿದ್ರಲ್ಲವ್ವ’ ಎಂದು ಅಜ್ಜಿ ಹಿಂದಿನಿಂದ ಹೇಳಿದ್ದು ಕೇಳಿಸಿತ್ತು. ನಾನು ಇಂಜಿನಿಯರಿಂಗ್ ಓದುವವಳು, ಅಜ್ಜಿಗೇನು ಗೊತ್ತು?

ಒಂದು ಗುರುವಾರ ಮಧ್ಯಾಹ್ನ ಲ್ಯಾಬ್‌ನಲ್ಲಿದ್ದಾಗ ಅವ್ವನ ಫೋನು. ‘ಕೆಂಚ ಕುಡ್ದೋರಂಗೆ ತೂರಾಡ್ತಾವ್ನೆ, ಕರೆದ್ರೆ ತಿರುಗ್ತಾ ಇಲ್ಲ.’ ಬೆಳಿಗ್ಗೆ ಅರ್ಧ ಊಟ ಬಿಟ್ಟಿದ್ದನಂತೆ. ಆದರೂ ನಾನು ಹೇಳಿದ್ದೆನಲ್ಲ ಎಂದು ಎರಡು ಯೂನಿಟ್ ಪೂರ್ತಿ ಕೊಟ್ಟಿದ್ದರು. ಶುಗರ್ ನೋಡಿದರೆ 41. ಅರವತ್ತು ಕಿಲೋಮೀಟರ್ ದೂರದಲ್ಲಿ ನಿಂತು ನಾನು ಅಳುತ್ತಿದ್ದೆ. ಅಷ್ಟರಲ್ಲಿ ಅಜ್ಜಿ ಜೇನುತುಪ್ಪದ ಸೀಸೆ ತೆಗೆದು ಬೆರಳಲ್ಲಿ ಅದ್ದಿ ಕೆಂಚನ ವಸಡಿಗೆ ಸವರುತ್ತಿದ್ದಳು. ಲೋ ಶುಗರ್ ಅಂದರೆ ಏನೆಂದು ಅವಳು ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ. ಡಾಕ್ಟರ್ ಫೋನಿನಲ್ಲೇ ಮುಂದಿನದನ್ನು ಹೇಳಿದರು. ನುಂಗುವಷ್ಟು ಎಚ್ಚರ ಬಂದ ಮೇಲೆ ಊಟ ಕೊಡಿ, ಹದಿನೈದಿಪ್ಪತ್ತು ನಿಮಿಷಕ್ಕೊಮ್ಮೆ ಶುಗರ್ ನೋಡಿ, ಸಂಜೆ ಇನ್ಸುಲಿನ್ ಬೇಡ. ಒಂದು ಗಂಟೆಯ ನಂತರ ಅವ್ವ ಕಳಿಸಿದ ಫೋಟೊದಲ್ಲಿ ಕೆಂಚ ತಟ್ಟೆ ನೆಕ್ಕುತ್ತಿದ್ದ.

ಮರುದಿನ ಬೆಳಿಗ್ಗೆ 436. ಇದೇನು ವಿಚಿತ್ರ, ನಿನ್ನೆ 41, ಇವತ್ತು 436? ಡಾಕ್ಟರಿಗೆ ಫೋನ್ ಮಾಡಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: ‘ಡೋಸ್ ಹೆಚ್ಚಿಸಿ ಅಂತ ಯಾರಮ್ಮ ಹೇಳಿದ್ದು?’

ಬೈಯಲಿಲ್ಲ, ವಿವರಿಸಿದರು. ಸಂಜೆಯ ಇನ್ಸುಲಿನ್ ತಪ್ಪಿದ್ದು ಒಂದು ಕಾರಣ. ಇನ್ನೊಂದು, ಶುಗರ್ ಪಾತಾಳಕ್ಕೆ ಇಳಿದಾಗ ಜೀವ ಉಳಿಸಿಕೊಳ್ಳಲು ದೇಹವೇ ಅಡ್ರಿನಲಿನ್, ಗ್ಲುಕಗಾನ್ ಹಾರ್ಮೋನುಗಳನ್ನು ಬಿಡುತ್ತದೆ. ಯಕೃತ್ತು ಕೂಡಿಟ್ಟ ಸಕ್ಕರೆಯನ್ನೆಲ್ಲ ರಕ್ತಕ್ಕೆ ಸುರಿಯುತ್ತದೆ. ಆಗ ಏರಿದ ಅಂಕಿ ನೋಡಿ ‘ಇನ್ಸುಲಿನ್ ಸಾಲಲಿಲ್ಲ’ ಎಂದು ಮತ್ತೆ ಹೆಚ್ಚಿಸಿದರೆ ಬೆಕ್ಕು ಉಳಿಯುವುದಿಲ್ಲ. ನಿಜ ಹೇಳುತ್ತೇನೆ, ಫೋನ್ ಮಾಡುವ ಮೊದಲು ನನ್ನ ತಲೆಯಲ್ಲಿ ಬಂದಿದ್ದ ಯೋಚನೆ ಅದೇ ಆಗಿತ್ತು.

ನಮ್ಮ ಹಾಸ್ಟೆಲ್ಲಿನ ಬಿಸಿನೀರಿನ ನಲ್ಲಿ ನೆನಪಾಯಿತು. ತಿರುಗಿಸಿದ ಕೂಡಲೇ ಬಿಸಿ ಬರುವುದಿಲ್ಲ. ಚಳಿಗೆ ಇನ್ನಷ್ಟು ತಿರುಗಿಸುತ್ತೇವೆ. ಆಮೇಲೆ ಒಮ್ಮೆಲೇ ಸುಡುನೀರು. ಹೆದರಿ ಪೂರ್ತಿ ಈ ಕಡೆ ತಿರುಗಿಸಿದರೆ ಮತ್ತೆ ತಣ್ಣೀರು. ತಪ್ಪು ಗೀಸರಿನದ್ದಲ್ಲ, ಕಾಯದ ಕೈಯದ್ದು. ತಡವಾಗಿ ಉತ್ತರಿಸುವ ವ್ಯವಸ್ಥೆಯನ್ನು ಅವಸರದಿಂದ ತಿದ್ದಲು ಹೋದರೆ ಅದು ತೂಗಾಡುತ್ತದೆ ಎಂದು ಪರೀಕ್ಷೆಯಲ್ಲಿ ಬರೆದವಳೇ ನಾನು. ಗ್ಲಾರ್ಜಿನ್‌ನ ಒಂದು ಡೋಸ್ ಪೂರ್ತಿ ಏನು ಮಾಡುತ್ತದೆ ಎಂದು ತಿಳಿಯಲು ಹಲವು ದಿನ ಬೇಕು.

ಮತ್ತೆ ಒಂದು ಯೂನಿಟ್‌ಗೆ ಇಳಿಸಿದೆವು. ಎರಡು ವಾರ ಏನೇ ಅಂಕಿ ಬಂದರೂ ಏರಿಸಲಿಲ್ಲ. ನಂತರ ಒಂದು ಭಾನುವಾರ ಮನೆಯಲ್ಲೇ ಕೂತು ಎರಡು ಗಂಟೆಗೊಮ್ಮೆ ಶುಗರ್ ನೋಡಿದೆ. ಬೆಳಿಗ್ಗೆ ಏಳಕ್ಕೆ 318, ಒಂಬತ್ತಕ್ಕೆ 262, ಹನ್ನೊಂದಕ್ಕೆ 174, ಒಂದಕ್ಕೆ 118, ಮೂರಕ್ಕೆ 136, ಐದಕ್ಕೆ 221, ಸಂಜೆ ಏಳಕ್ಕೆ 296. ನೋಡಿ, ಏಳರಿಂದ ಏಳಕ್ಕೆ ಮಾತ್ರ ಅಳೆಯುತ್ತಿದ್ದ ನನಗೆ ಕಂಡದ್ದು ಬರೀ ಬೆಟ್ಟದ ತುದಿಗಳು. ನಡುವಿನ ಕಣಿವೆ ಕಂಡೇ ಇರಲಿಲ್ಲ. ಅಪಾಯ ಇದ್ದದ್ದು ಕಣಿವೆಯಲ್ಲಿ. ಮಳೆಗಾಲದಲ್ಲಿ ಪತ್ರಿಕೆಯಲ್ಲಿ ನಮ್ಮ ಕಬಿನಿಯ ಮಟ್ಟ ಬರುತ್ತದಲ್ಲ, ಅಲ್ಲಿ ಇಂದಿನ ಮಟ್ಟದ ಪಕ್ಕ ಒಳಹರಿವು, ಹೊರಹರಿವು ಎರಡನ್ನೂ ಕೊಡುತ್ತಾರೆ. ಬರೀ ಮಟ್ಟ ನೋಡಿ ಯಾರೂ ಗೇಟು ಎತ್ತುವುದಿಲ್ಲ.

ಮನೆಯಲ್ಲಿ ಬೆಕ್ಕು ಇರುವವರಿಗೆ ಇನ್ನೆರಡು ಮಾತು. ನಮ್ಮಲ್ಲಿ ಇನ್ಸುಲಿನ್ 40 ಮತ್ತು 100 ಎಂಬ ಎರಡು ಸಾಂದ್ರತೆಯಲ್ಲಿ ಸಿಗುತ್ತದೆ. 40ರದ್ದಕ್ಕೆ ಕೆಂಪು ಮುಚ್ಚಳದ ಸಿರಿಂಜ್, 100ರದ್ದಕ್ಕೆ ಕಿತ್ತಳೆ ಮುಚ್ಚಳದ್ದು. 100ರ ಇನ್ಸುಲಿನ್ನನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ ಒಂದರ ಗೆರೆಗೆ ಎಳೆದರೆ ಒಳಗೆ ಹೋಗುವುದು ಎರಡೂವರೆ ಯೂನಿಟ್. ಬೆಕ್ಕು ಅನ್ನ ತಿನ್ನಲು ಹುಟ್ಟಿದ ಪ್ರಾಣಿಯಲ್ಲ, ಮಾಂಸಾಹಾರಿ. ಕೆಂಚನಿಗೆ ಈಗ ಹಾಲನ್ನ ಬಂದ್, ಬೇಯಿಸಿದ ಕೋಳಿ, ಮೀನು ಮತ್ತು ಡಾಕ್ಟರ್ ಬರೆದುಕೊಟ್ಟ ಡಬ್ಬಿ ಆಹಾರ. ಇನ್ಸುಲಿನ್ ಕೊಡುತ್ತಿರುವಾಗ ಊಟ ಬದಲಿಸುವುದಿದ್ದರೂ ಡಾಕ್ಟರನ್ನು ಕೇಳಿಯೇ ಬದಲಿಸಬೇಕು, ಯಾಕೆಂದರೆ ಅನ್ನ ಬಿಟ್ಟರೆ ಶುಗರ್ ತಾನಾಗಿಯೇ ಇಳಿಯುತ್ತದೆ.

ಈಗ ನಾಲ್ಕು ತಿಂಗಳು. ಕೆಂಚ ಮತ್ತೆ ಬೆರಳ ಮೇಲೆ ನಡೆಯುತ್ತಾನೆ, ಜಗುಲಿಗೆ ಹಾರುತ್ತಾನೆ. ಕೆಲವು ಬೆಕ್ಕುಗಳಿಗೆ ಮುಂದೆ ಇನ್ಸುಲಿನ್ನೇ ಬೇಡವಾಗುವ ಹಂತವೂ ಬರುತ್ತದೆ ಎಂದಿದ್ದಾರೆ ಡಾಕ್ಟರ್. ಬರಲಿ, ಬರದೇ ಇರಲಿ, ನಾನು ದಿನ ಎಣಿಸುತ್ತಿಲ್ಲ.

ಕಳೆದ ಸಲ ಊರಿಗೆ ಹೋದಾಗ ಅಜ್ಜಿಗೆ ಫ್ರಕ್ಟೋಸಮೈನ್ ಬಗ್ಗೆ ಹೇಳಿದೆ. ಪರೀಕ್ಷೆಯ ದಿನ ಕೆಂಚ ಉಪವಾಸ ಇದ್ದರೂ ಹಿಂದಿನ ವಾರಗಳಲ್ಲಿ ಏನಾಗಿತ್ತೆಂದು ಅದು ಹೇಳಿಬಿಡುತ್ತದೆ ಅಂದೆ. ಅಜ್ಜಿ ಸುಮ್ಮನಾದಳು. ಶುಗರ್ ಚೆಕ್ ಮಾಡಿಸಲು ಕೋಟೆಗೆ ಹೋಗುವ ಮುಂಚಿನ ಎರಡು ದಿನ ಮಾತ್ರ ಪಥ್ಯ ಮಾಡುವುದು ಅವಳ ಹನ್ನೆರಡು ವರ್ಷದ ಗುಟ್ಟು.

‘ಮನ್ಸರಿಗೂ ಅಂಥದ್ದು ಐತಾ?’ ಎಂದು ಮೆಲ್ಲಗೆ ಕೇಳಿದಳು.

‘ಐತೆ ಅಜ್ಜಿ. ಎಚ್‌ಬಿಎ1ಸಿ ಅಂತ. ಮೂರು ತಿಂಗಳದ್ದು ಹೇಳ್ತದೆ.’

ಅಜ್ಜಿ ಕೆಂಚನನ್ನು ನೋಡಿದಳು. ಆಮೇಲೆ ಅವನ ನೋಟ್‌ಬುಕ್ ತೆಗೆದು ನನ್ನ ಕೈಗೆ ಕೊಟ್ಟು, ‘ಪಕ್ಕದಾಗೆ ನಂಗೂ ಒಂದು ಗೆರೆ ಎಳಿ’ ಅಂದಳು.