ಮುಳುಗಡೆಯ ನಾಡಿನಲ್ಲಿ ನಡೆಯುವ ಮುನ್ನ ಓದತಕ್ಕ ಪುಸ್ತಕಗಳು

ಅಮೆರಿಕದಲ್ಲಿ ಮಳೆಯೆಂಬುದು ವಿರಳವಾದ ಮರುಭೂಮಿಯ ಕಮರಿಗಳಲ್ಲಿ, ಪ್ರಾಚೀನರು ಬಂಡೆಯ ಪೊಟರೆಗಳೊಳಗೆ ಕಟ್ಟಿಕೊಂಡ ಮನೆಗಳ ಗೋಡೆಗಳೂ ಕಣಜಗಳೂ ಮರದ ತೊಲೆಗಳೂ ಸಹ ಒಣಹವೆಯ ಆಶ್ರಯದಲ್ಲಿ ಶತಮಾನಗಳವರೆಗೆ ಉಳಿದುಕೊಳ್ಳುವುದರಿಂದ, ಏನನ್ನೂ ಓದದೆ ಅಲ್ಲಿಗೆ ಹೋದ ಪಥಿಕನ ಕಣ್ಣಿಗೂ ಕಾಣತಕ್ಕದ್ದು ಬಹಳವಿರುತ್ತದೆ. ಶರಾವತಿಯ ಕಣಿವೆಯ ಸ್ಥಿತಿ ಇದಕ್ಕೆ ತೀರ ಭಿನ್ನವಾದುದು. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಹೊಸನಗರ ಸಾಗರ ಸೀಮೆಗಳನ್ನು ಹಾದು, ಜೋಗದಲ್ಲಿ ಧುಮುಕುವ ಈ ನದಿಯ ನಾಡನ್ನು ಹೊಂಬುಜದ ಸಾಂತರರೂ ಅನಂತರ ಕೆಳದಿಯ ನಾಯಕರೂ ಆಳಿದರು. ಆದರೆ ಅವರು ಕಟ್ಟಿದುದರಲ್ಲಿ ಕಲ್ಲಿನ ದೇವಾಲಯಗಳನ್ನೂ ಕೋಟೆಗಳನ್ನೂ ಬಿಟ್ಟು ಉಳಿದುದನ್ನೆಲ್ಲ ಮಳೆ ಕರಗಿಸಿತು, ಕಾಡು ಮುಚ್ಚಿತು. ಕಾಡು ಬಿಟ್ಟುದರಲ್ಲಿ ಒಂದು ದೊಡ್ಡ ಭಾಗವನ್ನು, 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರು ನುಂಗಿತು. ಬೇಸಗೆಯಲ್ಲಿ ನೀರು ಇಳಿದಾಗ ಹೊರಬರುವ ಕೆಸರುಬಯಲಿನ ಮೇಲೆ, ಒಣಗಿದ ಮರಗಳ ಬೊಡ್ಡೆಗಳ ನಡುವೆ ನಡೆಯುವವನಿಗೆ, ಓದಿಕೊಂಡು ಬಾರದೆ ಹೋದರೆ, ತಾನು ಯಾವ ಊರಿನ ಬೀದಿಯಲ್ಲಿ ನಿಂತಿರುವೆನೆಂಬುದೇ ತಿಳಿಯಲಾರದು.

ಇಂಥ ಓದಿಗೆ ಮಾದರಿಯೊಂದನ್ನು ಆ ಮರುಭೂಮಿಯಿಂದಲೇ ಎತ್ತಿಕೊಳ್ಳಬಹುದು. ಅಮೆರಿಕದ ಅಂತರ್ಯುದ್ಧದಲ್ಲಿ ಬಲಗೈಯನ್ನು ಕಳೆದುಕೊಂಡಿದ್ದ ಜಾನ್ ವೆಸ್ಲಿ ಪೊವೆಲ್ ಎಂಬಾತನು 1869ರಲ್ಲಿ ನಾಲ್ಕು ದೋಣಿಗಳಲ್ಲಿ ಕೊಲೊರಾಡೊ ನದಿಯ ಕಮರಿಗಳನ್ನು ಹಾದುಹೋಗಿ, ಅಲ್ಲಿನ ಶಿಲೆಗಳನ್ನೂ ಪುರಾತನ ನಿವಾಸಗಳನ್ನೂ ಕುರಿತು ಬರೆದ ವರದಿ 1875ರಲ್ಲಿ ಅಚ್ಚಾಯಿತು. ಅವನೇ ಹೆಸರಿಟ್ಟ ಗ್ಲೆನ್ ಕ್ಯಾನ್ಯನ್ ಎಂಬ ಕಮರಿಯನ್ನು, 1963ರಲ್ಲಿ, ಎಂದರೆ ನಮ್ಮ ಕಣಿವೆಯಲ್ಲಿ ಲಿಂಗನಮಕ್ಕಿಯ ಕಟ್ಟೆ ಏಳುತ್ತಿದ್ದ ಕಾಲದಲ್ಲಿಯೇ, ಒಂದು ಅಣೆಕಟ್ಟಿನ ನೀರು ಆವರಿಸತೊಡಗಿತು. ಆ ಜಲಾಶಯಕ್ಕೆ ಪೊವೆಲ್ಲನ ಹೆಸರನ್ನೇ ಇಟ್ಟರು. ನೀರು ಮುಚ್ಚಿದ ಆ ಕಮರಿಯ ಆಳವನ್ನು ಆತನ ಪುಸ್ತಕದ ಮೂಲಕ ಅರಿಯಬಹುದು. ನಮಗೂ ಅಂಥ ಪುಸ್ತಕಗಳಿವೆ, ಒಂದಲ್ಲ, ಹಲವು.

ಮೊದಲು ಕೈಗೆತ್ತಿಕೊಳ್ಳಬೇಕಾದುದು ಬಿ. ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಎಂಟನೆಯ ಸಂಪುಟ. 1904ರಲ್ಲಿ ಪ್ರಕಟವಾದ ಈ ಗ್ರಂಥದಲ್ಲಿ ಸೊರಬ, ಸಾಗರ, ನಗರ, ತೀರ್ಥಹಳ್ಳಿ ಈ ನಾಲ್ಕು ತಾಲ್ಲೂಕುಗಳ ಶಾಸನಗಳಿವೆ. ಅಂದಿನ ನಗರ ತಾಲ್ಲೂಕೇ ಇಂದಿನ ಹೊಸನಗರವೆಂಬುದನ್ನು ಓದುಗರು ನೆನಪಿನಲ್ಲಿಡತಕ್ಕದ್ದು. ಶಾಸನವನ್ನು ಓದುವುದು ನೀರಸವೆಂದು ಹಲವರು ಭಾವಿಸುವರು. ನನಗೆ ಮಾತ್ರ ಹಾಗೆ ತೋರದು. ಹೊಂಬುಜದ ಪಂಚಬಸದಿಯ ಮುಂದೆ ನಿಲ್ಲುವವನು, ಸಾಂತರರ ಬಂಧುವಾದ ಚಟ್ಟಲದೇವಿಯು 1077ರ ವೇಳೆಗೆ ಅದನ್ನು ಕಟ್ಟಿಸಿ ‘ಉರ್ವೀತಿಲಕ’ವೆಂದು ಕರೆಯಿಸಿದಳೆಂಬುದನ್ನು ಮೊದಲೇ ಓದಿದ್ದರೆ, ಆ ಕಲ್ಲುಗಳಲ್ಲಿ ಒಬ್ಬ ಹೆಂಗಸಿನ ಸಂಕಲ್ಪವನ್ನು ಕಾಣುವನು; ಓದದಿದ್ದರೆ ಕಂಬಗಳನ್ನು ಎಣಿಸಿ ಹಿಂದಿರುಗುವನು.

ಎರಡನೆಯದಾಗಿ ಪಿಯೆತ್ರೊ ಡೆಲ್ಲಾ ವಾಲೆಯ ಪತ್ರಗಳು. ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹತ್ತಿರವಾದ ಪುಸ್ತಕವಿದು. ರೋಮ್ ನಗರದ ಈ ಸಹೃದಯಿ 1623ರಲ್ಲಿ, ಕೆಳದಿಯ ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಹೊರಟಿದ್ದ ಪೋರ್ಚುಗೀಸರ ರಾಯಭಾರಿಯೊಡನೆ ಹೊನ್ನಾವರದಿಂದ ಗೇರುಸೊಪ್ಪೆಯವರೆಗೆ ಹೊಳೆಯ ಮೇಲೂ, ಅಲ್ಲಿಂದ ಘಟ್ಟ ಹತ್ತಿಯೂ ಇಕ್ಕೇರಿಗೆ ಬಂದನು. ದಾರಿಯಲ್ಲಿ ಒಂದು ಗುಡಿಯ ಜಗಲಿಯ ಮೇಲೆ ನಾಲ್ವರು ಬಾಲಕರು ನೆಲಕ್ಕೆ ನುಣ್ಣನೆಯ ಮರಳನ್ನು ಹರಡಿ, ಬೆರಳಿನಿಂದ ಅಂಕೆಗಳನ್ನು ಬರೆಯುತ್ತ, ರಾಗವಾಗಿ ಲೆಕ್ಕವನ್ನು ಹೇಳಿಕೊಳ್ಳುತ್ತಿದ್ದುದನ್ನು ಕಂಡು, ಹೀಗೆ ಹಾಡಿ ಕಲಿತದ್ದು ಮನಸ್ಸಿನಲ್ಲಿ ಆಳವಾಗಿ ನಿಲ್ಲುವುದೆಂದು ಆತನು ಬರೆದಿರುವನು. ಇಕ್ಕೇರಿಯಲ್ಲಿ ಸಹಗಮನಕ್ಕೆ ಸಿದ್ಧಳಾಗಿದ್ದ ಹೆಂಗಸೊಬ್ಬಳ ಮನೆಗೆ ತಾನೇ ಹೋಗಿ, ಆಕೆಯೊಡನೆ ಮಾತನಾಡಿ, ಆ ನಿರ್ಧಾರವನ್ನು ಬಿಡಿಸಲು ಯತ್ನಿಸಿದ ಪ್ರಸಂಗವೂ ಅದರಲ್ಲಿದೆ. ಹಾಕ್ಲುಯ್ಟ್ ಸೊಸೈಟಿಯು 1892ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಆವೃತ್ತಿ ಗ್ರಂಥಾಲಯಗಳಲ್ಲಿ ದೊರೆಯುತ್ತದೆ.

ಡೆಲ್ಲಾ ವಾಲೆ ಕಂಡ ಜನಭರಿತ ಇಕ್ಕೇರಿಯ ಪಕ್ಕದಲ್ಲಿಯೇ ಫ್ರಾನ್ಸಿಸ್ ಬುಕಾನನ್ ಕಂಡ ಇಕ್ಕೇರಿಯನ್ನು ಇಟ್ಟು ಓದಬೇಕು. ಟಿಪ್ಪುವಿನ ಪತನವಾದ ಮೇಲೆ ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ 1800–01ರಲ್ಲಿ ಸಂಚರಿಸಿದ ಈ ವೈದ್ಯನ ಪ್ರವಾಸಗ್ರಂಥವು 1807ರಲ್ಲಿ ಮೂರು ಸಂಪುಟಗಳಾಗಿ ಹೊರಬಂತು. ಸಾಗರ, ಇಕ್ಕೇರಿ, ನಗರಗಳ ವೃತ್ತಾಂತ ಮೂರನೆಯದರಲ್ಲಿದೆ. ರಾಜಧಾನಿ ಇಕ್ಕೇರಿಯಿಂದ ಬಿದನೂರಿಗೆ ಹೋಗಿ, ಬಿದನೂರೂ 1763ರಲ್ಲಿ ಹೈದರನ ವಶವಾಗಿ, ಪಟ್ಟಣವೊಂದು ಅಳಿದ ಬಗೆಯನ್ನು ಈ ಇಬ್ಬರ ನಡುವಣ ಅಂತರವೇ ಹೇಳುತ್ತದೆ. ರೈಸ್ ತನ್ನ ಮೈಸೂರು ಗ್ಯಾಸೆಟಿಯರಿನಲ್ಲಿ ಇಕ್ಕೇರಿಯ ಮೂರು ಸುತ್ತಿನ ಕೋಟೆಯನ್ನೂ, ಮಣ್ಣು ಮರಗಳಿಂದ ಕಟ್ಟಿ ಕೆತ್ತನೆಯಿಂದ ಅಲಂಕರಿಸಿದ್ದ ಅರಮನೆಯನ್ನೂ ಹೇಳಿರುವನು. ಆ ವಾಕ್ಯವನ್ನು ಓದಿದ ಮೇಲೆ, ಅಘೋರೇಶ್ವರ ದೇವಾಲಯವೊಂದೇ ಏಕೆ ಉಳಿಯಿತೆಂದು ಯಾರೂ ಕೇಳಬೇಕಾಗಿಲ್ಲ. ದೇವಾಲಯದ ಒಳಗೆ ಗರ್ಭಗುಡಿಯ ಎದುರಿನ ನೆಲವನ್ನು ನೋಡಲು ಮರೆಯಬಾರದು; ನಮಸ್ಕರಿಸುತ್ತಿರುವ ಮೂವರು ನಾಯಕರ ರೂಪಗಳನ್ನು ಹೆಸರುಸಹಿತ ಅಲ್ಲಿ ಕಂಡರಿಸಿದ್ದಾರೆ.

ನಾಡಿನವರೇ ಬರೆದುದರಲ್ಲಿ ಲಿಂಗಣ್ಣ ಕವಿಯ ‘ಕೆಳದಿನೃಪವಿಜಯಂ’ ಮುಖ್ಯವಾದುದು. ಹದಿನೆಂಟನೆಯ ಶತಮಾನದ ಈ ಚಂಪೂಕಾವ್ಯದಲ್ಲಿ ಅರಸರ ಸ್ತುತಿ ಹೆಚ್ಚಾದರೂ, ಶಿವಾಜಿಯ ಮಗ ರಾಜಾರಾಮನಿಗೆ ಕೆಳದಿಯ ರಾಣಿ ಚೆನ್ನಮ್ಮಾಜಿಯು ಆಶ್ರಯವಿತ್ತ ಕಾಲದ ರಾಜ್ಯವ್ಯವಹಾರವನ್ನು ಕನ್ನಡದಲ್ಲಿಯೇ ಓದಬಹುದು. ಆಕೆಯ ದತ್ತುಪುತ್ರ ಬಸವಪ್ಪ ನಾಯಕನ ‘ಶಿವತತ್ತ್ವರತ್ನಾಕರ’ವು ಸಂಸ್ಕೃತದ ಮಹಾಕೋಶ, ಅದರ ಒಂಬತ್ತು ಕಲ್ಲೋಲಗಳೂ ಪಥಿಕನಿಗೆ ಬೇಕಾಗಿಲ್ಲ.

ಇಷ್ಟಕ್ಕೇ ಓದನ್ನು ನಿಲ್ಲಿಸಿದವನು ಅರಸರ ನಾಡನ್ನು ಕಂಡಾನು, ನೀರಿನಡಿಯ ನಾಡನ್ನು ಕಾಣನು. ಮಡೆನೂರಿನ ಬಳಿಯ ಹಿರೇಭಾಸ್ಕರ ಅಣೆಕಟ್ಟು, 1948ರಲ್ಲಿ ಆರಂಭವಾದ ಜೋಗದ ವಿದ್ಯುದಾಗಾರಕ್ಕೆ ನೀರೊದಗಿಸಲು ಕಟ್ಟಿದುದು. ಬಾಗಿಲುಗಳಿಗೆ ಬದಲಾಗಿ ಇಂಜಿನಿಯರ್ ಗಣೇಶ್ ಅಯ್ಯರ್ ಅವರ ಸೈಫನ್‌ಗಳು ಅದರ ಹೆಚ್ಚುವರಿ ನೀರನ್ನು ತಾವಾಗಿಯೇ ಹೊರಚೆಲ್ಲುತ್ತಿದ್ದವು. ಲಿಂಗನಮಕ್ಕಿಯ ನೀರು ಏರಿದಾಗ ಆ ಕಟ್ಟೆಯೇ ಇಡಿಯಾಗಿ ಮುಳುಗಿತು. ಬಿರುಬೇಸಗೆಯ ವರ್ಷಗಳಲ್ಲಿ ಮಾತ್ರ ಅದು ಹೊರಗೆ ಕಾಣುತ್ತದೆ. ಆ ಕಟ್ಟೆಯನ್ನೂ ಎರಡು ಬಾರಿ ನೆಲ ಕಳೆದುಕೊಂಡ ಜನರನ್ನೂ ಬಲ್ಲೆನೆನ್ನಲು ಗಜಾನನ ಶರ್ಮರ ‘ಪುನರ್ವಸು’ ಕಾದಂಬರಿಯನ್ನು ಓದತಕ್ಕದ್ದು. ಸಾಗರದ ನಾ. ಡಿಸೋಜರು ಲೋಕೋಪಯೋಗಿ ಇಲಾಖೆಯ ನೌಕರರಾಗಿ ಮುಳುಗಡೆಯನ್ನು ಹತ್ತಿರದಿಂದ ನೋಡಿದವರು. ಅವರ ‘ದ್ವೀಪ’ವು ಗಿರೀಶ್ ಕಾಸರವಳ್ಳಿಯವರ ಚಿತ್ರವಾಗಿ ಹೊರನಾಡಿಗೂ ತಲಪಿತು, ‘ಮುಳುಗಡೆಯ ಊರಿಗೆ ಬಂದವರು’ ಎಂಬ ಮಕ್ಕಳ ಕಾದಂಬರಿಗೆ 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಸಂದಿತು. ಮಕ್ಕಳನ್ನು ಜೊತೆಗೆ ಕರೆದೊಯ್ಯುವವರು ಅದನ್ನು ಅವರ ಕೈಗೆ ಮೊದಲೇ ಕೊಡಲಿ. ಚರಿತ್ರೆಯ ಗ್ರಂಥಗಳಿಗೆ ಬಿಡುವಿಲ್ಲದವರು ಈ ಕಾದಂಬರಿಗಳನ್ನಾದರೂ ಓದಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಏಕೆಂದರೆ ಸಂತ್ರಸ್ತರ ಮನೆಯ ಅಡಿಪಾಯಕ್ಕೆ ಯಾವ ಶಾಸನವೂ ಇಲ್ಲ.

ಹೊರಡುವ ಮುನ್ನ 1964ಕ್ಕೆ ಹಿಂದಿನ ಮೋಜಣಿಯ, ಮೈಲಿಗೆ ಒಂದು ಅಂಗುಲದ ಸರ್ವೆ ನಕಾಶೆ ದೊರೆತರೆ, ಅದನ್ನು ಇಂದಿನ ನಕಾಶೆಯ ಪಕ್ಕದಲ್ಲಿ ಹರಡಿಕೊಂಡು ಊರುಗಳ ಹೆಸರನ್ನು ಗುರುತು ಹಾಕಿಕೊಳ್ಳಬೇಕು. ಕೆಳದಿಯ ವಸ್ತುಸಂಗ್ರಹಾಲಯದ ತಾಡವೋಲೆಗಳಿಗೂ ಒಂದು ದಿನವನ್ನು ಮೀಸಲಿಡುವುದು ಮೇಲು. ಹಿನ್ನೀರು ತಗ್ಗುವುದು ಏಪ್ರಿಲ್ ಮೇ ತಿಂಗಳುಗಳಲ್ಲಿ. ಮೇಲೆ ಒಣಗಿ ಬಿರಿದಂತೆ ತೋರುವ ಕೆಸರಿನ ಒಳಗೆ ಸೊಂಟದವರೆಗೆ ಹೂತುಹೋಗುವ ಜಾಗಗಳಿರುವುದರಿಂದ, ಅರಣ್ಯ ಇಲಾಖೆಯ ಅನುಮತಿ ಪಡೆದು, ಆ ದಡದಲ್ಲಿಯೇ ದನ ಮೇಯಿಸುವ ಊರಿನವರೊಬ್ಬರನ್ನು ಮುಂದೆ ಬಿಟ್ಟುಕೊಂಡು ನಡೆಯತಕ್ಕದ್ದು.