ತಿಂಗಳ ಚಂದಾಕ್ಕೆ ಫ್ಯಾಮಿಲಿ ಡಾಕ್ಟರ್

ಅಮೆರಿಕದ ಕಾನ್ಸಾಸ್ ರಾಜ್ಯದ ವಿಚಿಟಾ ನಗರದಲ್ಲಿ ಡಾ. ಜೋಶ್ ಅಂಬೇರ್ 2010ರಲ್ಲಿ ಅಟ್ಲಾಸ್ ಎಂಡಿ ಎಂಬ ಕ್ಲಿನಿಕ್ ತೆರೆದರು. ಅಲ್ಲಿ ವಿಮೆಯ ಕಾರ್ಡ್ ನಡೆಯುವುದಿಲ್ಲ. ತಿಂಗಳಿಗೆ ಇಷ್ಟು ಎಂದು ಚಂದಾ ಕಟ್ಟಬೇಕು. ಮಕ್ಕಳಿಗೆ 10 ಡಾಲರ್, ದೊಡ್ಡವರಿಗೆ ವಯಸ್ಸಿನ ಮೇಲೆ 50ರಿಂದ 100 ಡಾಲರ್ ಎಂಬುದು ಅವರು ಗೊತ್ತುಮಾಡಿದ ದರ. ಚಂದಾ ಕಟ್ಟಿದವರು ತಿಂಗಳಲ್ಲಿ ಎಷ್ಟು ಸಲ ಹೋದರೂ, ಫೋನಿನಲ್ಲೇ ಕೇಳಿ ಮುಗಿಸಿದರೂ ಬೇರೆ ಫೀಸಿಲ್ಲ. ಈ ಪದ್ಧತಿಗೆ ಅಲ್ಲಿ ‘ಡೈರೆಕ್ಟ್ ಪ್ರೈಮರಿ ಕೇರ್’, ಚಿಕ್ಕದಾಗಿ ಡಿಪಿಸಿ ಎನ್ನುತ್ತಾರೆ.

ಅಮೆರಿಕದಲ್ಲಿ ನೆಗಡಿ, ಬಿಪಿಯಂಥ ದಿನನಿತ್ಯದ ಕಾಯಿಲೆಗೂ ಸಾಮಾನ್ಯವಾಗಿ ಹಣ ಕೊಡುವುದು ವಿಮಾ ಕಂಪನಿ. ಪ್ರತಿ ಭೇಟಿಗೂ ಕೋಡ್ ಹಾಕಬೇಕು, ಬಿಲ್ ಕಳಿಸಬೇಕು, ತಿರಸ್ಕರಿಸಿದರೆ ಮತ್ತೆ ಬರೆಯಬೇಕು. ಆ ಕೆಲಸಕ್ಕೆಂದೇ ಸಿಬ್ಬಂದಿ ಬೇಕು. ಅವರ ಸಂಬಳ ಹುಟ್ಟಬೇಕಾದರೆ ದಿನಕ್ಕೆ ಹೆಚ್ಚು ರೋಗಿಗಳನ್ನು ನೋಡಬೇಕು. ಹೀಗೆ ಒಬ್ಬ ವೈದ್ಯರ ಪಟ್ಟಿಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನ ಸೇರಿಕೊಳ್ಳುತ್ತಾರೆ, ಒಬ್ಬೊಬ್ಬರಿಗೆ ಸಿಗುವುದು ಹದಿನೈದು ಇಪ್ಪತ್ತು ನಿಮಿಷ. ಡಿಪಿಸಿಯವರ ವಾದ ಸರಳ: ಕಾರಿಗೆ ವಿಮೆಯಿದೆಯೆಂದು ಪೆಟ್ರೋಲಿನ ಬಿಲ್ಲನ್ನು ಯಾರೂ ವಿಮಾ ಕಂಪನಿಗೆ ಕಳಿಸುವುದಿಲ್ಲವಲ್ಲ!

ಈ ಪದ್ಧತಿಯ ಬೇರು ಇರುವುದು ಸಿಯಾಟಲ್‌ನಲ್ಲಿ. 1996ರಲ್ಲಿ ಡಾ. ಹೊವಾರ್ಡ್ ಮ್ಯಾರನ್ ಅಲ್ಲಿ ಶ್ರೀಮಂತರಿಗಾಗಿ ದುಬಾರಿ ಚಂದಾದ ಕ್ಲಿನಿಕ್ ಆರಂಭಿಸಿದ್ದರು. ಅದನ್ನು ಸಾಮಾನ್ಯರ ಕೈಗೆಟುಕುವಂತೆ ಮಾಡಲು ಹೊರಟವರು ಡಾ. ಗ್ಯಾರಿಸನ್ ಬ್ಲಿಸ್. ಅವರು 2007ರಲ್ಲಿ ಕಟ್ಟಿದ ಕ್ಲಿಯಾನ್ಸ್ ಸಂಸ್ಥೆಗೆ ಮುಂದೆ ಜೆಫ್ ಬೆಜೋಸ್, ಮೈಕೆಲ್ ಡೆಲ್ ಹಣ ಹೂಡಿದರು. ಇಂಥ ಚಂದಾ ವಿಮೆಯಲ್ಲ ಎಂದು ಸಿಯಾಟಲ್ ಇರುವ ವಾಷಿಂಗ್ಟನ್ ರಾಜ್ಯ 2007ರಲ್ಲೇ ಕಾಯಿದೆ ಮಾಡಿತು. ಇಷ್ಟೆಲ್ಲ ಬೆಂಬಲವಿದ್ದೂ ಕ್ಲಿಯಾನ್ಸ್ 2017ರಲ್ಲಿ ಬಾಗಿಲು ಹಾಕಿತು. ಆದರೆ ಒಬ್ಬಿಬ್ಬರು ವೈದ್ಯರೇ ನಡೆಸುವ ಸಣ್ಣ ಕ್ಲಿನಿಕ್‌ಗಳು ರಾಜ್ಯದಿಂದ ರಾಜ್ಯಕ್ಕೆ ಹಬ್ಬುತ್ತಲೇ ಹೋದವು.

ಸಣ್ಣದು ಉಳಿದದ್ದಕ್ಕೆ ಅದರ ಲೆಕ್ಕವೇ ಕಾರಣ. ಸರಾಸರಿ 75 ಡಾಲರಿನಂತೆ 500 ಸದಸ್ಯರಾದರೆ ತಿಂಗಳಿಗೆ 37,500 ಡಾಲರ್, ವರ್ಷಕ್ಕೆ ನಾಲ್ಕೂವರೆ ಲಕ್ಷ. ಬಿಲ್ ಬರೆಯುವವರು ಬೇಡವಾದ್ದರಿಂದ ಒಬ್ಬ ನರ್ಸ್, ಎರಡು ಕೋಣೆ ಇದ್ದರೂ ಸಾಗುತ್ತದೆ. ರಕ್ತಪರೀಕ್ಷೆಗೆ ಪ್ರಯೋಗಾಲಯದ ಜೊತೆ ಸಗಟು ದರ ಮಾತಾಡಿಕೊಳ್ಳುತ್ತಾರೆ. ಜೆನೆರಿಕ್ ಮಾತ್ರೆಗಳನ್ನು ಸಗಟಾಗಿ ತರಿಸಿ ಹೆಚ್ಚುಕಡಿಮೆ ಅಸಲಿಗೇ ಕೊಡುವವರೂ ಇದ್ದಾರೆ. ಟೆಕ್ಸಾಸ್‌ನಂಥ ರಾಜ್ಯಗಳಲ್ಲಿ ಮಾತ್ರ ವೈದ್ಯರು ಮಾತ್ರೆ ಮಾರುವುದಕ್ಕೆ ಕಡಿವಾಣವಿದೆ.

ಆ 500 ಜನ ಸೇರುವವರೆಗಿನ ದಾರಿ ಕಷ್ಟದ್ದು. ವೈದ್ಯರು ಹಿಂದೆ ಕೆಲಸ ಮಾಡುತ್ತಿದ್ದ ಆಸ್ಪತ್ರೆಯ ಒಪ್ಪಂದದಲ್ಲಿ ಸುತ್ತಮುತ್ತ ಕ್ಲಿನಿಕ್ ತೆರೆಯಬಾರದೆಂಬ ಷರತ್ತಿದೆಯೇ ಎಂದು ಮೊದಲು ವಕೀಲರಿಗೆ ತೋರಿಸಬೇಕು. 65 ದಾಟಿದವರ ಸರ್ಕಾರಿ ವಿಮೆಯಾದ ಮೆಡಿಕೇರ್‌ನಿಂದ ವೈದ್ಯರು ಹೊರಬರುವುದೂ ರೂಢಿ. ಒಮ್ಮೆ ಹೊರಬಂದರೆ ಎರಡು ವರ್ಷ ಅದಕ್ಕೆ ಬಿಲ್ ಕಳಿಸುವಂತಿಲ್ಲ. ಕ್ಲಿನಿಕ್ಕಿನಲ್ಲೇ ಮೂತ್ರ, ಸಕ್ಕರೆ ಪರೀಕ್ಷೆ ಮಾಡಲು ಕೇಂದ್ರ ಸರ್ಕಾರದ ಪ್ರಮಾಣಪತ್ರ ಬೇಕು. ಸದಸ್ಯರ ಸಂಖ್ಯೆ ಏರುವವರೆಗೆ ರಾತ್ರಿ, ವಾರಾಂತ್ಯಗಳಲ್ಲಿ ಬೇರೆಡೆ ಪಾಳಿ ಮಾಡಿ ಮನೆ ನಡೆಸುವ ವೈದ್ಯರೂ ಇದ್ದಾರೆ.

ಟೀಕೆಯೂ ಹಗುರವಾದದ್ದಲ್ಲ. ಪ್ರಾಥಮಿಕ ವೈದ್ಯರಿಗೇ ಬರವಿರುವ ದೇಶದಲ್ಲಿ ಒಬ್ಬರು ಎರಡು ಸಾವಿರ ರೋಗಿಗಳನ್ನು ಬಿಟ್ಟು ಐನೂರಕ್ಕೆ ಇಳಿದರೆ ಉಳಿದವರು ಎಲ್ಲಿಗೆ ಹೋಗಬೇಕು? ಸುಸ್ತಾಗಿ ವೃತ್ತಿಯನ್ನೇ ಬಿಡಲಿದ್ದವರು ಇದರಿಂದ ಉಳಿದುಕೊಳ್ಳುತ್ತಿದ್ದಾರೆ ಎಂಬುದು ಬೆಂಬಲಿಗರ ಉತ್ತರ. ಅದು ಅರ್ಧ ಉತ್ತರವಷ್ಟೇ. ತಿಂಗಳಿಗೆ 75 ಡಾಲರ್ ಎತ್ತಿಡಲಾಗದವರಿಗೆ ಈ ಬಾಗಿಲು ತೆರೆಯುವುದಿಲ್ಲ.

ಈಚೆಗೆ ತೆರಿಗೆ ಕಾನೂನು ಇದರ ಕಡೆ ವಾಲಿದೆ. 2025ರ ಜುಲೈನಲ್ಲಿ ಬಂದ ಕಾಯಿದೆಯಂತೆ, 2026ರ ಜನವರಿಯಿಂದ ತೆರಿಗೆ ವಿನಾಯಿತಿಯ ಆರೋಗ್ಯ ಉಳಿತಾಯ ಖಾತೆಯಿಂದಲೇ ಚಂದಾ ಕಟ್ಟಬಹುದು. ತಿಂಗಳ ಚಂದಾ ಒಬ್ಬರಿಗೆ 150 ಡಾಲರ್, ಕುಟುಂಬಕ್ಕೆ 300 ಡಾಲರ್ ಮೀರಬಾರದು. ಅಲ್ಲಿರುವ ಕನ್ನಡಿಗರು ಸೇರುವ ಯೋಚನೆಯಲ್ಲಿದ್ದರೆ ಒಂದು ನೆನಪಿರಲಿ: ಅಪೆಂಡಿಕ್ಸ್ ಆಪರೇಷನ್, ಹೃದಯಾಘಾತ, ಕ್ಯಾನ್ಸರ್ ಯಾವುದೂ ಈ ಚಂದಾದಲ್ಲಿ ಬರುವುದಿಲ್ಲ. ಆಸ್ಪತ್ರೆ ಖರ್ಚಿನ ವಿಮೆ ಕೈಯಲ್ಲಿದ್ದ ಮೇಲೆಯೇ ಇದರ ಮಾತು.