ಕಾಸರಗೋಡಿನ ಒಳದಾರಿಗಳಲ್ಲಿ ಸೈಕಲ್: ಎಲ್ಲಿ ಹೋಗಬಹುದು, ಎಲ್ಲಿ ಜಾಗ್ರತೆ ಬೇಕು

ತಲಪಾಡಿಯಿಂದ ಚೆಂಗಳದವರೆಗಿನ 39 ಕಿ.ಮೀ. ಹೆದ್ದಾರಿ ಆರು ಪಥವಾದ ಮೇಲೆ ಕಾರಿನವರಿಗೆ ಖುಷಿಯೋ ಖುಷಿ. ಸೈಕಲ್‌ನವರ ಪಾಡು ಮಾತ್ರ ಕೇಳುವವರಿಲ್ಲ. ನಡುರಸ್ತೆಯಲ್ಲಿ ಲಾರಿ, ಬಸ್ಸು ಬಾಣದ ಹಾಗೆ ಹೋಗುತ್ತವೆ. ಸರ್ವಿಸ್ ರಸ್ತೆಯಲ್ಲಿ ಎದುರಿನಿಂದಲೂ ಬೈಕ್ ಬರುತ್ತದೆ. ಮಂಜೇಶ್ವರ, ಉಪ್ಪಳ, ಕುಂಬಳೆಯಲ್ಲಿ ಈಗ ಗಿಯರ್ ಸೈಕಲ್ ಇಟ್ಟುಕೊಂಡವರು ಬಹಳ ಮಂದಿ ಇದ್ದಾರೆ. ಡಾಕ್ಟ್ರು ಶುಗರ್ ಹೆಚ್ಚಿದೆ ಅಂದದ್ದಕ್ಕೆ ತೆಗೆದವರಿದ್ದಾರೆ, ಗಲ್ಫ್‌ನಿಂದ ರಜೆಗೆ ಬಂದು ತೆಗೆದವರಿದ್ದಾರೆ, ಮಕ್ಕಳ ಹಟಕ್ಕೆ ತೆಗೆದವರೂ ಇದ್ದಾರೆ. ಆದರೆ ಓಡಿಸುವುದು ಎಲ್ಲಿ ಎಂಬುದೇ ಪ್ರಶ್ನೆ.

ಉತ್ತರ ಸಿಗುವುದು ಪೂರ್ವದಲ್ಲಿ. ಸಮುದ್ರಕ್ಕೆ ಬೆನ್ನು ಹಾಕಿ ಹತ್ತು ಹದಿನೈದು ಕಿ.ಮೀ. ಹೋದರೆ ಸಾಕು, ಗುಡ್ಡ, ತೋಟ, ಕಾಡು ಶುರುವಾಗುತ್ತದೆ. ಡಾಮರು ಹಾಕಿದ ಸಣ್ಣ ರಸ್ತೆಗಳು ಊರಿಂದೂರಿಗೆ ಹಬ್ಬಿವೆ. ಎಷ್ಟೋ ಕಡೆ ಹತ್ತು ನಿಮಿಷ ಕಳೆದರೂ ಒಂದು ಆಟೋ ಎದುರಾಗುವುದಿಲ್ಲ.

ಈ ರಸ್ತೆಗಳು ಇಷ್ಟು ಮೌನವಾಗಿರಲು ಗಡಿಯೂ ಒಂದು ಕಾರಣ. 1956ರ ನವೆಂಬರ್ 1ರವರೆಗೆ ಇದೆಲ್ಲ ಒಂದೇ ದಕ್ಷಿಣ ಕನ್ನಡ ಜಿಲ್ಲೆ. ಪುತ್ತೂರು, ಸುಳ್ಯಕ್ಕೆ ಹೋಗುವ ದಾರಿಗಳು ಆಗ ಒಳದಾರಿಗಳು. ರಾಜ್ಯ ಬೇರೆಯಾದ ಮೇಲೆ ಅವೇ ರಸ್ತೆಗಳು ಎರಡೂ ಸರಕಾರಗಳಿಗೆ ಕೊನೆಯ ತುದಿಯಾದವು. ಇಲ್ಲಿಯ ಲೋಕೋಪಯೋಗಿ ಇಲಾಖೆ ಇಲ್ಲಿಗೆ ನಿಲ್ಲುತ್ತದೆ, ಅಲ್ಲಿಯದ್ದು ಅಲ್ಲಿಗೆ ನಿಲ್ಲುತ್ತದೆ. ಬೋರ್ಡ್ ಇಲ್ಲದಿದ್ದರೂ ಡಾಮರಿನ ಬಣ್ಣ ಬದಲಾದದ್ದು ನೋಡಿ ಗಡಿ ದಾಟಿದ್ದು ಗೊತ್ತಾಗುವ ಜಾಗಗಳಿವೆ. ದೂರದ ವಾಹನಗಳೆಲ್ಲ ಹೆದ್ದಾರಿ ಹಿಡಿಯುವುದರಿಂದ ಈ ದಾರಿಗಳಲ್ಲಿ ಓಡಾಡುವವರು ಊರಿನವರು ಮಾತ್ರ. ಹಾಗಂತ ಇವು ಬೇಡದ ರಸ್ತೆಗಳು ಎಂದುಕೊಳ್ಳಬೇಡಿ. 2020ರ ಮಾರ್ಚ್‌ನಲ್ಲಿ ಕೋವಿಡ್ ಹೆಸರಲ್ಲಿ ಕರ್ನಾಟಕ ಈ ಸಣ್ಣ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ, ಮಂಗಳೂರಿನ ಆಸ್ಪತ್ರೆ ತಲುಪಲಾಗದೆ ಜೀವ ಬಿಟ್ಟವರ ಮನೆಗಳು ಇದೇ ಕಡೆ ಇವೆ.

ಇನ್ನು ದಾರಿ ಓದುವುದು ಹೇಗೆ? ಮೊಬೈಲ್ ಮ್ಯಾಪ್ ದೂರ ಹೇಳುತ್ತದೆ, ಚಡಾವು ಸರಿಯಾಗಿ ಹೇಳುವುದಿಲ್ಲ. ಊರಿನ ಹೆಸರು ಹೇಳುತ್ತದೆ ನೋಡಿ! ಪದವು ಅಂದರೆ ಮೇಲಿನ ಸಪಾಟು ಮುರಕಲ್ಲಿನ ಜಾಗ. ನಂದಾರಪದವು, ಅರ್ಲಪದವು ಎಂಬ ಹೆಸರು ಮುಂದೆ ಬಂದರೆ ಮೊದಲು ಏರು ಇದೆ, ಆಮೇಲೆ ಸ್ವಲ್ಪ ಹೊತ್ತು ಸುಖ. ಬೈಲು ಅಂದರೆ ಕೆಳಗಿನ ಗದ್ದೆ ತಗ್ಗು. ಅಲ್ಲಿಗೆ ಇಳಿದವನು ಮತ್ತೆ ಹತ್ತಲೇಬೇಕು. ಅಡ್ಕ ಅಂದರೆ ಬೇಸಾಯವಿಲ್ಲದ ಬಯಲು ಜಾಗ, ಯೇತಡ್ಕ, ಉಕ್ಕಿನಡ್ಕ, ಕಾರಡ್ಕದ ಹಾಗೆ. ಕಡವು ಇದ್ದಲ್ಲಿ ಹೊಳೆ ಇದೆ. 2021ರಲ್ಲಿ ಇಲ್ಲಿಯ ಊರುಗಳ ಹೆಸರು ಬದಲಾಗುತ್ತದೆ ಎಂಬ ಸುದ್ದಿ ಹಬ್ಬಿ ಗಲಾಟೆಯಾದದ್ದು ನೆನಪಿರಬಹುದು. ಅಂಥ ಪ್ರಸ್ತಾವವೇ ಇಲ್ಲ ಎಂದು ಕೇರಳ ಸರಕಾರ ಹೇಳಿತು. ಒಳ್ಳೆಯದೇ ಆಯ್ತು. ಹೆಸರಿನಿಂದ ‘ಅಡ್ಕ’ ಕಳಚಿದರೆ ಜಾಗದ ಗುಣವೇ ಕಳಚಿದ ಹಾಗೆ.

ಮೊದಲ ಸಲ ಹೋಗುವವರಿಗೆ ಪೆರ್ಲ ಕಡೆಯ ದಾರಿ ಒಳ್ಳೆಯದು. ಪೆರ್ಲದಿಂದ ಸ್ವರ್ಗ, ವಾಣಿನಗರ, ಪಡ್ರೆ. ಮನಸ್ಸಿದ್ದರೆ ಅರ್ಲಪದವು ಮೂಲಕ ಗಡಿ ದಾಟಿ ಪಾಣಾಜೆ, ಅಲ್ಲಿಂದ ಪುತ್ತೂರು. ದಾರಿಯುದ್ದಕ್ಕೂ ಅಡಿಕೆ ತೋಟ, ಮೇಲೆ ಗುಡ್ಡ, ಎರಡು ತಿರುವಿಗೊಂದು ತೋಡು. ಎಣ್ಮಕಜೆ, ಬಾಯಾರು ಕಡೆ ಗುಡ್ಡದ ಹೊಟ್ಟೆಗೆ ಅಡ್ಡಕ್ಕೆ ಕೊರೆದ ಸುರಂಗಗಳಿವೆ. ಮುರಕಲ್ಲಿನೊಳಗಿನಿಂದ ಒಸರುವ ನೀರು ಪಂಪ್ ಇಲ್ಲದೆ ತಾನಾಗಿ ಹೊರಗೆ ಹರಿಯುತ್ತದೆ. ಕೆಲವು ಮನೆಗಳಲ್ಲಿ ಇಂದಿಗೂ ಕುಡಿಯುವುದು ಅದನ್ನೇ. ಬಾಟಲಿ ಖಾಲಿಯಾದರೆ ಮನೆಯವರನ್ನು ಕೇಳಿ, ಇಲ್ಲ ಅನ್ನುವವರು ಕಡಿಮೆ.

ಆದರೆ ಈ ದಾರಿಯ ಗುಡ್ಡದ ಮೇಲೆ ಕಾಣುವ ಹಸಿರೆಲ್ಲ ಕಾಡಲ್ಲ. ಅದರಲ್ಲಿ ಬಹುಪಾಲು ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟ. 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದು ಇಂಥ ತೋಟಗಳಿಗೇ. ಮೇಲಿನಿಂದ ಬಿದ್ದದ್ದು ತೋಡಿಗಿಳಿಯಿತು, ತೋಡಿನಿಂದ ಬೈಲಿಗೆ ಹೋಯಿತು. ಪಡ್ರೆಯ ಮನೆಗಳಲ್ಲಿ ಕಾಯಿಲೆಗಳು ಯಾಕೆ ಇಷ್ಟು ಎಂದು ಮೊದಲು ಅನುಮಾನಪಟ್ಟವರು ವಾಣಿನಗರದ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್. ಅದನ್ನು ಹೊರಜಗತ್ತಿಗೆ ಬರೆದು ತಿಳಿಸಿದವರು ಪತ್ರಕರ್ತ ಶ್ರೀ ಪಡ್ರೆ. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2017ರಲ್ಲಿ. ಸೈಕಲ್‌ನವನಿಗೆ ಇದೆಲ್ಲ ಯಾಕೆ ಅನ್ನಬಹುದು. ಕಾರಿನಲ್ಲಿ ಹೋಗುವವನಿಗೆ ಅಂಗಳ ಕಾಣುವುದಿಲ್ಲ, ಸೈಕಲ್‌ನವನಿಗೆ ಕಾಣುತ್ತದೆ. ಅಂಗಳದಲ್ಲಿ ಕೂತವರ ಫೋಟೋ ತೆಗೆಯಬೇಡಿ. ಅವರಿಗೆ ಫೋಟೋ ತೆಗೆಸಿಕೊಂಡು ಸಾಕಾಗಿದೆ.

ಮುಳ್ಳೇರಿಯದಿಂದ ಹೊರಡುವ ದಾರಿಗಳು ಇನ್ನೂ ಹೆಚ್ಚು ಕಾಡಿನವು. ಒಂದು ಬೆಳ್ಳೂರು ಪಂಚಾಯತ್‌ನ ಕಿನ್ನಿಂಗಾರಿನತ್ತ ಹೋಗಿ ನೆಟ್ಟಣಿಗೆ, ಈಶ್ವರಮಂಗಲ ಕಡೆಗೆ ಸಾಗುತ್ತದೆ. ನೆಟ್ಟಣಿಗೆ ಎಂಬ ಹೆಸರು ಗಡಿಯ ಆಚೆಗೂ ಇದೆ, ಈಚೆಗೂ ಇದೆ. ಇನ್ನೊಂದು ಆದೂರು ದಾಟಿ, ಕೊಟ್ಯಾಡಿಯಲ್ಲಿ ಚೆರ್ಕಳ–ಜಾಲ್ಸೂರು ರಸ್ತೆ ಬಿಟ್ಟು, ಪಯಸ್ವಿನಿ ಹೊಳೆಯ ಕಡೆ ಅಡೂರಿಗೆ ಇಳಿಯುತ್ತದೆ. ಆದೂರು ಬೇರೆ, ಅಡೂರು ಬೇರೆ, ಮಾರಾಯ್ರೆ. ದಾರಿ ಕೇಳುವಾಗ ಸರಿಯಾಗಿ ಉಚ್ಚರಿಸಿ.

ಇಲ್ಲಿ ಆನೆ ಇದೆ. ಕಾರಡ್ಕ, ದೇಲಂಪಾಡಿ, ಮುಳಿಯಾರು ಕಡೆ ತೋಟಕ್ಕಿಳಿದು ಬಾಳೆ, ತೆಂಗು, ಕಂಗು ಪುಡಿಮಾಡಿದ್ದು ಒಂದೆರಡು ಸಲವಲ್ಲ. ಸೋಲಾರ್ ತೂಗುಬೇಲಿ ಹಾಕಿದ್ದಾರೆ, ಈಚೆಗೆ ಚಿರತೆಯ ಸುದ್ದಿಯೂ ಸೇರಿಕೊಂಡಿದೆ. ಬೆಳಿಗ್ಗೆ ಬೇಗ ಹೊರಡಬೇಕು ಎಂಬುದು ಸೈಕಲ್‌ನವರ ನಿಯಮ. ಆದರೆ ಕಾಡಿನ ನಡುವಿನ ತುಂಡಿಗೆ ಅದು ಹೊಂದುವುದಿಲ್ಲ. ಚೆನ್ನಾಗಿ ಬೆಳಕಾದ ಮೇಲೆ ಹೋಗಿ, ಸಂಜೆ ಐದಕ್ಕೆ ಮೊದಲು ಹೊರಗೆ ಬನ್ನಿ. ಸೈಕಲ್‌ಗೆ ಸದ್ದಿಲ್ಲ. ಬೈಕ್ ಬಂದರೆ ಪ್ರಾಣಿಗೆ ದೂರದಿಂದಲೇ ಗೊತ್ತಾಗುತ್ತದೆ, ನೀವು ತಿರುವಿನಲ್ಲಿ ಹತ್ತು ಮೀಟರ್ ಹತ್ತಿರ ಬಂದ ಮೇಲೆ ಗೊತ್ತಾಗುತ್ತದೆ. ರಸ್ತೆಯಲ್ಲಿ ಹಸಿ ಲದ್ದಿ ಕಂಡರೆ, ಬಿದಿರು ಮುರಿಯುವ ಸದ್ದು ಕೇಳಿದರೆ ಅಲ್ಲಿಂದಲೇ ವಾಪಸ್. ಹೊರಡುವ ಮೊದಲು ಗೂಡಂಗಡಿಯ ಕಾಕನಲ್ಲಿ ಒಂದು ಕಟ್ಟಂಚಾಯ ಕುಡಿದು ‘ನಿನ್ನೆ ಈ ಕಡೆ ಬಂದಿತ್ತಾ’ ಅಂತ ಕೇಳಿ. ಯಾವ ಆ್ಯಪ್‌ನಲ್ಲೂ ಸಿಗದ ಮಾಹಿತಿ ಅಲ್ಲಿ ಸಿಗುತ್ತದೆ.

ಕಾಲಲ್ಲಿ ಬಲ ಬಂದವರಿಗೆ ಪಾಣತ್ತೂರು–ಕರಿಕೆ–ಭಾಗಮಂಡಲ. ಸುಮಾರು 30 ಕಿ.ಮೀ. ಘಾಟಿ, ಕರಿಕೆ ದಾಟಿದರೆ ದಟ್ಟ ಕಾಡು, ಮೇಲೆ ಹೋದ ಹಾಗೆ ತಂಪು. ತಲಕಾವೇರಿ ಬೆಟ್ಟ 1276 ಮೀಟರ್ ಎತ್ತರದಲ್ಲಿದೆ ಎಂದರೆ ಯಾವ ಕಡೆ ಹೊರಟಿದ್ದೀರಿ ಅಂತ ಅಂದಾಜಾಗಬಹುದು. ಮಳೆಗಾಲದಲ್ಲಿ ಬೇಡ. ಮಣ್ಣು, ಮರ ಬೀಳುವುದು ಇಲ್ಲಿ ವಾಡಿಕೆ. ನವೆಂಬರ್‌ನಿಂದ ಫೆಬ್ರವರಿವರೆಗೆ ಚೆನ್ನ.

ಪಾಣತ್ತೂರಿನಿಂದ ಕಲ್ಲಪಳ್ಳಿ ಮೂಲಕ ಸುಳ್ಯಕ್ಕೂ ಒಂದು ದಾರಿಯಿದೆ. 2021ರ ಜನವರಿ 3ರಂದು ಪುತ್ತೂರು ಕಡೆಯಿಂದ ಮದುವೆಗೆ ಬರುತ್ತಿದ್ದ ಬಸ್ಸು ಈ ದಾರಿಯ ಇಳಿಜಾರಿನಲ್ಲಿ ಹಿಡಿತ ತಪ್ಪಿ ಮನೆಯೊಂದರ ಮೇಲೆ ಬಿದ್ದು ಏಳು ಮಂದಿ ತೀರಿಕೊಂಡರು. ಇಳಿಜಾರು ಎಂದರೆ ಸುಖ ಎಂದುಕೊಳ್ಳುವವರು ಇದನ್ನು ನೆನಪಿಡಬೇಕು. ಬ್ರೇಕ್ ಒತ್ತಿಹಿಡಿದೇ ಇಳಿದರೆ ರಿಮ್ ಕಾಯುತ್ತದೆ, ಹಿಡಿತ ಸಡಿಲವಾಗುತ್ತದೆ. ತಿರುವಿಗೆ ಮೊದಲೇ ಎರಡೂ ಬ್ರೇಕ್ ಹಿಡಿದು ವೇಗ ಇಳಿಸಿ, ಬಿಡಿ, ಮತ್ತೆ ಹಿಡಿಯಿರಿ. ನೆರಳಿನ ತಿರುವುಗಳಲ್ಲಿ ಪಾಚಿ ಕಟ್ಟಿರುತ್ತದೆ. ಮಳೆ ನಿಂತು ತಿಂಗಳಾದರೂ ಅಲ್ಲಿ ಜಾರುತ್ತದೆ.

ಹತ್ತಲಿಕ್ಕೆ ಬೇಕಾದದ್ದು ದುಬಾರಿ ಸೈಕಲ್ ಅಲ್ಲ, ಸಣ್ಣ ಗಿಯರ್. ಲೆಕ್ಕ ಸುಲಭ. ಹಳೆಯ ಕರಿ ಸೈಕಲ್‌ನಲ್ಲಿ ಮುಂದೆ 44 ಹಲ್ಲು, ಹಿಂದೆ 18 ಹಲ್ಲು ಇದ್ದರೆ, ಪೆಡಲ್ ಒಂದು ಸುತ್ತು ತಿರುಗಿಸಿದಾಗ ಸೈಕಲ್ ಐದು ಮೀಟರ್‌ಗೂ ಹೆಚ್ಚು ಮುಂದೆ ಹೋಗುತ್ತದೆ. ಮುಂದೆ 28, ಹಿಂದೆ 34 ಇದ್ದರೆ ಎರಡು ಮೀಟರ್‌ಗೂ ಕಡಿಮೆ. ಒಂದು ತುಳಿತಕ್ಕೆ ಮೇಲೆತ್ತಬೇಕಾದ ಭಾರ ಅಷ್ಟು ಕಡಿಮೆಯಾಯಿತು, ಮಂಡಿಯೂ ಉಳಿಯಿತು. ಹಿಂದೆ ಬ್ಯಾರಿ ಮೀನಿನವರು ಗಿಯರ್ ಇಲ್ಲದ ಸೈಕಲ್‌ಗೆ ಬುಟ್ಟಿ ಕಟ್ಟಿ, ಹಾರ್ನ್ ಹಿಸುಕುತ್ತಾ ಇದೇ ಗುಡ್ಡೆಗಳ ಮನೆಗಳಿಗೆ ಹೋಗುತ್ತಿದ್ದರು. ಚಡಾವು ಬಂದಲ್ಲಿ ಇಳಿದು ತಳ್ಳುತ್ತಿದ್ದರು. ತಳ್ಳುವುದರಲ್ಲಿ ನಾಚಿಕೆ ಏನಿಲ್ಲ.

ಮಲೆನಾಡ ಹೆದ್ದಾರಿಯ ಬಗ್ಗೆ ಕೇಳುವವರಿದ್ದಾರೆ. ನಂದಾರಪದವಿನಿಂದ ಚೇವಾರು, ಎಡಪರಂಬ, ಕೋಳಿಚ್ಚಾಲ್ ಮಾರ್ಗವಾಗಿ ಅದು ತಿರುವನಂತಪುರದ ಪಾರಶ್ಶಾಲದವರೆಗಿನ ಯೋಜನೆ. ರಸ್ತೆ ಅಗಲವಿದೆ, ನುಣುಪಾಗಿದೆ. ನುಣುಪಾದ್ದರಿಂದಲೇ ಕಾರುಗಳೂ ಜೋರು. ದಾಟಿಕೊಳ್ಳಲಿಕ್ಕೆ ಬಳಸಿ, ದಿನವಿಡೀ ಅದರಲ್ಲೇ ಹೋಗಬೇಡಿ.

ಒಳಗಿನ ಊರುಗಳಲ್ಲಿ ಗಿಯರ್ ಸೈಕಲ್‌ನ ಟ್ಯೂಬ್ ಸಿಗುವುದಿಲ್ಲ. ಎರಡು ಟ್ಯೂಬ್, ಕೈಪಂಪ್, ಚೈನ್ ಜೋಡಿಸುವ ಉಪಕರಣ ಜೊತೆಗಿರಲಿ. ಗಡಿಯ ಹತ್ತಿರ ಫೋನ್ ಸಿಗ್ನಲ್ ಹೋಗುವುದುಂಟು. ಆದ್ದರಿಂದ ಯಾವ ದಾರಿ, ಎಷ್ಟು ಗಂಟೆಗೆ ವಾಪಸ್ ಎಂದು ಮನೆಯಲ್ಲಿ ಹೇಳಿ ಹೊರಡಿ, ಒಬ್ಬರೇ ಬೇಡ, ಇಬ್ಬರಾದರೂ ಇರಿ.